ಡಿಸ್ಕನ್ನು ದೂರಬೇಡಿ

ಎಚ್‌ಡಿಯಲ್ಲಿ ತೆಗೆದ ಮನೆಯ ವಿಡಿಯೊ ಎಷ್ಟೇ ಚಿಕ್ಕದಿರಲಿ, ಡಿವಿಡಿಗೆ ಹಾಕಿದರೆ ಅದರ ಗುಣಮಟ್ಟ ಕೆಡುತ್ತದೆ, ಆದ್ದರಿಂದ ಬ್ಲೂ-ರೇ ಡಿಸ್ಕೇ ಬೇಕು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಇದನ್ನು ನಂಬಿದವರು ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ.

ಲೇಖಕರು ಡಿಸ್ಕನ್ನೂ ಅದರಲ್ಲಿ ಬರೆಯುವ ಸ್ವರೂಪವನ್ನೂ ಒಂದೇ ಎಂದುಕೊಂಡಿದ್ದಾರೆ. ಚಿತ್ರವನ್ನು 720x576ಕ್ಕೆ ಇಳಿಸುವುದು ಡಿವಿಡಿ-ವಿಡಿಯೊ ಎಂಬ ಸ್ವರೂಪವೇ ಹೊರತು ಡಿಸ್ಕ್ ಅಲ್ಲ. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಪ್ರಕಟಿಸಿದ ಎವಿಸಿಎಚ್‌ಡಿ ಸ್ವರೂಪದಲ್ಲಿ ಬರೆದರೆ ಅದೇ ಡಿಸ್ಕಿನಲ್ಲಿ 1920x1080 ಚಿತ್ರ ಹಾಗೇ ಉಳಿಯುತ್ತದೆ. ಅಂದರೆ ಐದು ಪಟ್ಟು ಪಿಕ್ಸೆಲ್.

ಜಾಗ ಸಾಲದು ಎಂಬ ಮಾತೂ ನಿಲ್ಲುವುದಿಲ್ಲ. 20 ನಿಮಿಷದ ನಾಮಕರಣದ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್‌ನಲ್ಲಿದ್ದರೆ ಸುಮಾರು 2.55 ಜಿಬಿ ಆಗುತ್ತದೆ. ಡಿವಿಡಿಯ ಸಾಮರ್ಥ್ಯ 4.7 ಜಿಬಿ. ಅರ್ಧ ಗಂಟೆಯ ವಿಡಿಯೊ ಕೂಡ ಆರಾಮವಾಗಿ ಹಿಡಿಯುತ್ತದೆ. ಇಷ್ಟಕ್ಕೆ 25 ಜಿಬಿಯ ಡಿಸ್ಕ್, ಅದನ್ನು ಬರೆಯಲು ಬೇರೆ ಡ್ರೈವ್ ಯಾಕೆ?

ಮಿತಿಗಳೂ ಇವೆ. ಎವಿಸಿಎಚ್‌ಡಿ ಡಿಸ್ಕ್ ಸಾಮಾನ್ಯ ಡಿವಿಡಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಆ ಸ್ವರೂಪವನ್ನು ಓದಬಲ್ಲ ಬ್ಲೂ-ರೇ ಪ್ಲೇಯರ್ ಬೇಕು. ಡಿವಿಡಿ ಡಿಸ್ಕಿಗೆ ಸೆಕೆಂಡಿಗೆ 18 ಮೆಗಾಬಿಟ್‌ನ ಗರಿಷ್ಠ ಮಿತಿಯಿದೆ. 24 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದ್ದರೆ ಮರು-ಎನ್‌ಕೋಡ್ ಮಾಡಬೇಕು, ಆಗ ಗುಣಮಟ್ಟ ತುಸು ಇಳಿಯುತ್ತದೆ. ಅಂಥ ವಿಡಿಯೊಗೆ, ಗಂಟೆಗಟ್ಟಲೆಯ ಮದುವೆಯ ವಿಡಿಯೊಗೆ ಬ್ಲೂ-ರೇಯೇ ಸರಿ. ಅಲ್ಲಿ ಲೇಖಕರ ಮಾತನ್ನು ಒಪ್ಪುತ್ತೇನೆ.

ಉಳಿದವರು ಹೊಸ ಡಿಸ್ಕ್ ಕೊಳ್ಳುವ ಮೊದಲು ವಿಡಿಯೊದ ಅವಧಿ, ಬಿಟ್‌ರೇಟ್, ಮನೆಯಲ್ಲಿರುವ ಪ್ಲೇಯರ್ ಈ ಮೂರನ್ನು ನೋಡಿಕೊಳ್ಳಲಿ.