ಎರಡನೆಯವನ ಮಾತನ್ನು ಕೇಳದ ತೀರ್ಪು

ಅಲಿ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ ಪ್ರವಾದಿ(ಸ)ಯವರು, ಎರಡನೆಯವನ ಮಾತನ್ನೂ ಕೇಳದೆ ತೀರ್ಪು ನೀಡಬಾರದೆಂದು ತಾಕೀತು ಮಾಡಿದ್ದರು. ಕೇಂದ್ರ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್‌ನಲ್ಲಿ ಆ ಎರಡನೆಯವನಿಗೆ ಸ್ಥಾನವೇ ಇಲ್ಲ. ಬರಹವೊಂದು ಕಾನೂನುಬಾಹಿರವೆಂದು ಅಧಿಕಾರಿ ತಿಳಿಸುತ್ತಾನೆ, ಕಂಪೆನಿ ಅಳಿಸುತ್ತದೆ. ಕೆಮ್ಮಣ್ಣಿನಲ್ಲಿ ಕುಳಿತು ಅದನ್ನು ಬರೆದವನಿಗೆ ನೋಟೀಸು ಕೊಡಬೇಕೆಂಬ ನಿಯಮವಿಲ್ಲ.

ಇದನ್ನು ಪ್ರಶ್ನಿಸಿದ ಎಕ್ಸ್ ಕಾರ್ಪ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ವಿದೇಶಿ ಕಂಪೆನಿಗೆ ಸಂವಿಧಾನದ 19ನೇ ವಿಧಿಯ ರಕ್ಷಣೆಯಿಲ್ಲವೆಂದಿತು. ಇರಲಿ, ಆ ಕಂಪೆನಿಯ ಮೇಲೆ ನಮಗೇನೂ ಮಮತೆಯಿಲ್ಲ. ಆದರೆ ಅಲ್ಲಿ ಬರೆಯುವವರು ಭಾರತದ ನಾಗರಿಕರಲ್ಲವೇ? 2015ರ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನನ್ನು ಎತ್ತಿಹಿಡಿದದ್ದು, ಕಾರಣ ದಾಖಲಿಸುವ ಮತ್ತು ವಾದ ಆಲಿಸುವ ಕಟ್ಟುಪಾಡುಗಳು ಅದರಲ್ಲಿದ್ದುದರಿಂದ. ಈಗ ಸರಕಾರ 79(3)(ಬಿ) ಎಂಬ ಹಿತ್ತಲ ಬಾಗಿಲಿನಿಂದ ಬಂದಿದೆ. ಅಕ್ಟೋಬರ್‌ನ ತಿದ್ದುಪಡಿ ಅಧಿಕಾರಿಯ ದರ್ಜೆಯನ್ನು ಎತ್ತರಿಸಿತು, ಕಾರಣ ಬರೆಯಬೇಕೆಂದಿತು. ಬರೆದವನನ್ನು ಕೇಳಬೇಕೆಂದು ಮಾತ್ರ ಹೇಳಲಿಲ್ಲ.

ಸ್ತ್ರೀನಿಂದನೆ ತಡೆಯಲು ಇದು ಅಗತ್ಯವೆನ್ನುತ್ತಾರೆ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’ ಆ್ಯಪ್ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಹರಾಜಿಗಿಟ್ಟಾಗ ಕಾನೂನಿಗೆ ಕೊರತೆಯಿತ್ತೇ? ಮೊದಲ ಬಂಧನ ನಡೆದದ್ದು 2022ರ ಜನವರಿಯಲ್ಲಿ. ಅದೂ ‘ಬುಲ್ಲಿ ಬಾಯಿ’ ಎಂಬ ಎರಡನೆಯ ಹರಾಜು ನಡೆದ ಮೇಲೆ.