ಕೋವಿಯ ಒದೆತ

ಒದೆಯುವ ಪ್ರಾಣಿಗಳು ಲೋಕದಲ್ಲಿ ಹಲವು. ಕತ್ತೆ ಒದೆಯುತ್ತದೆ, ಕುದುರೆ ಒದೆಯುತ್ತದೆ. ಕರುವನ್ನು ಬಿಡದೆ ಕರೆಯಲು ಕುಳಿತರೆ ಸಾಧುವಾದ ಹಸುವೂ ಒದೆಯುತ್ತದೆ. ಪ್ರಾಣವಿಲ್ಲದ ವಸ್ತುಗಳಲ್ಲಿ ಈ ಕೀರ್ತಿಯನ್ನು ನಮ್ಮ ಜನ ಕೋವಿಗೆ ಕೊಟ್ಟಿದ್ದಾರೆ. ‘ಕೋವಿ ಒದೆಯಿತು’ ಎಂಬ ಮಾತಿನಲ್ಲಿ ಅಲಂಕಾರವೇನೂ ಇಲ್ಲ. ಈಡು ಹಾರಿಸಿದವನ ಭುಜದ ಮೇಲೆ ಮೂಡಿದ ಕಂದಿದ ಗುರುತೇ ಅದಕ್ಕೆ ಸಾಕ್ಷಿ. ಭೌತಶಾಸ್ತ್ರದ ಪುಸ್ತಕಗಳು ಇದನ್ನು ಪ್ರತಿಕ್ರಿಯೆ ಎನ್ನುತ್ತವೆ. ಅದು ಶಾಸ್ತ್ರದ ಮಾತು. ಒದೆತ ಎಂಬುದು ಅನುಭವದ ಮಾತು.

ಈ ವಾರ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ರಾಜಾಜಿನಗರದಲ್ಲಿ ನಮ್ಮ ನೆರೆಯ ಹಿರಿಯರೊಬ್ಬರ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿನ ಗೆಳೆಯರು ಅವನನ್ನು ಜಿಂಕೆಯ ಬೇಟೆಗೆ ಕರೆದಿದ್ದಾರೆ. ಅದೂ ರಿವಾಲ್ವರಿನ ಬೇಟೆ. ಅಂಗಡಿಯಲ್ಲಿರುವುದರಲ್ಲೆಲ್ಲ ಬಲವಾದುದನ್ನು ಕೊಳ್ಳಬೇಕೆಂದು ಹುಡುಗನ ಹಂಬಲ. ತಂದೆಗೆ ಕುತೂಹಲ, ತಾಯಿಗೆ ದಿಗಿಲು. “ಮೇಷ್ಟ್ರೇ, ನೀವು ಎನ್.ಸಿ.ಸಿ. ನೋಡಿಕೊಳ್ಳುವವರು. ಯಾವುದು ಒಳ್ಳೆಯದು ಅಂತ ಒಂದು ಮಾತು ಬರೆದುಕೊಡಿ” ಎಂದು ಅವರು ಕೇಳಿದರು. ಕನ್ನಡ ಎಂ.ಎ. ಪಾಠಪಟ್ಟಿಯಲ್ಲಿ ರಿವಾಲ್ವರ್ ಇಲ್ಲ, ಎನ್.ಸಿ.ಸಿ. ಕೆಡೆಟ್‌ಗಳು ಹಾರಿಸುವ .22 ರೈಫಲ್ ಒದೆಯುವುದೂ ಇಲ್ಲವೆಂದೇ ಹೇಳಬೇಕು. ಆದರೂ ಆಯುಧದ ಗುಣ ದೋಷಗಳನ್ನು ತಕ್ಕಮಟ್ಟಿಗೆ ಓದಿ ತಿಳಿದವನಾದುದರಿಂದ, ಒಬ್ಬರಿಗೆ ಹೇಳುವುದನ್ನು ಎಲ್ಲ ವಾಚಕರಿಗೂ ಹೇಳುವುದು ಮೇಲೆಂದು ತೋರಿತು. ಕಡಲಾಚೆ ಮಕ್ಕಳಿರುವ ಮನೆಗಳು ಈ ಬಡಾವಣೆಗಳಲ್ಲಿ ಒಂದೆರಡಲ್ಲವಷ್ಟೆ.

ಮೊದಲು ನಮ್ಮ ನಾಡಿನ ಮಾತು. ಇಲ್ಲಿ ಈ ಪ್ರಶ್ನೆ ಏಳುವಂತೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಂದಿನಿಂದ ಚುಕ್ಕೆ ಜಿಂಕೆ, ಕಡವೆ, ಕೃಷ್ಣಮೃಗಗಳೆಲ್ಲ ಕಾನೂನಿನ ರಕ್ಷಣೆಯಲ್ಲಿವೆ. ಅವನ್ನು ಕೊಂದವನಿಗೆ ಸೆರೆಮನೆ ಕಾದಿದೆ. ಲೈಸೆನ್ಸ್ ಪಡೆದ ನಾಗರಿಕರಿಗೆಂದು ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದಿರುವ ರಿವಾಲ್ವರ್ .32 ಅಳತೆಯದು, ಆತ್ಮರಕ್ಷಣೆಗೆ ಹೊರತು ಬೇಟೆಗೆ ಅದು ಹುಟ್ಟಿದ್ದಲ್ಲ. ಅಮೆರಿಕದ ರೀತಿ ಬೇರೆ. ಅಲ್ಲಿ ಬಿಳಿಬಾಲದ ಜಿಂಕೆಗಳು ವಿಪುಲವಾಗಿವೆ. ಋತು, ಸಂಖ್ಯೆ, ಆಯುಧ ಇವನ್ನೆಲ್ಲ ಆಯಾ ರಾಜ್ಯಗಳೇ ಗೊತ್ತುಪಡಿಸಿ ಬೇಟೆಗೆ ಅನುಮತಿ ಕೊಡುತ್ತವೆ. ಆದರೆ ವೀಸಾದ ಮೇಲೆ ತಾತ್ಕಾಲಿಕವಾಗಿ ನೆಲಸಿರುವ ಪರದೇಶೀಯರು ಬಂದೂಕು ಹೊಂದುವುದನ್ನು ಆ ದೇಶದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಉಳ್ಳವರಿಗೆ ಮಾತ್ರ ವಿನಾಯಿತಿ. ಟೆಕ್ಸಾಸ್‌ನಲ್ಲಿಯಂತೂ 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದ ಬೇಟೆಗಾರರು ಬೇಟೆಯ ಶಿಕ್ಷಣವನ್ನು ಪಡೆಯಬೇಕೆಂಬ ನಿಯಮವಿದೆ. ಆದುದರಿಂದ ಹುಡುಗ ಮೊದಲು ಮೆಟ್ಟಬೇಕಾದುದು ಆಯುಧದ ಅಂಗಡಿಯ ಮೆಟ್ಟಿಲನ್ನಲ್ಲ.

ನಮ್ಮವರಿಗೆ ಬೇಟೆ ಅಪರಿಚಿತವೇನೂ ಅಲ್ಲ. ವಿಜಯನಗರ, ಬಸವೇಶ್ವರನಗರಗಳ ಪಕ್ಕದಲ್ಲಿ ಹಾದುಹೋಗುವ ಮಾಗಡಿ ರಸ್ತೆಯಲ್ಲಿ ಇಂದು ಬಸ್ಸು ಲಾರಿಗಳ ಗರ್ಜನೆಯೊಂದೇ ಕೇಳಿಸುತ್ತದೆ. ಆದರೆ ಬೆಂಗಳೂರಿನಲ್ಲಿಯೇ ಬಾಳಿ 1974ರಲ್ಲಿ ತೀರಿಕೊಂಡ ಕೆನೆತ್ ಆ್ಯಂಡರ್ಸನ್ನರ ಬರಹಗಳಲ್ಲಿ ಮಾಗಡಿಯ ಚಿರತೆಯೊಂದರ ಕಥೆಯಿದೆ. ಪೂರ್ಣಚಂದ್ರ ತೇಜಸ್ವಿಯವರು ಅದನ್ನು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂದು ಕನ್ನಡಕ್ಕೆ ತಂದಿದ್ದನ್ನು ಅನೇಕರು ಓದಿರಬಹುದು. ಆ್ಯಂಡರ್ಸನ್ನರ ಅಚ್ಚುಮೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲ್. ಒದೆತಕ್ಕೆ ಹೆಸರಾದ ಕೋವಿ ಅದು. ಆದರೆ ರೈಫಲ್ಲಿಗೆ ಮರದ ಹಿಂಬದಿಯಿದೆ. ಅದು ಒದೆತವನ್ನು ಭುಜಕ್ಕೆ, ಭುಜದ ಮೂಲಕ ಇಡೀ ಮೈಗೆ ಹಂಚುತ್ತದೆ. ರಿವಾಲ್ವರಿಗೆ ಅಂಥ ಆಸರೆಯಿಲ್ಲ. ಅದರ ಒದೆತವನ್ನೆಲ್ಲ ಎರಡು ಅಂಗೈಗಳು, ಎರಡು ಮಣಿಕಟ್ಟುಗಳು ಹೊರಬೇಕು. ಸಮಸ್ಯೆಯ ತಿರುಳು ಇಲ್ಲಿದೆ.

ಇಷ್ಟು ಚಿಕ್ಕ ಆಯುಧದಿಂದ ದೊಡ್ಡ ಮೃಗವನ್ನು ಹೊಡೆಯುವ ಹುಚ್ಚು ಹೇಗೆ ಹುಟ್ಟಿತು? 1935ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಸಂಸ್ಥೆ .357 ಮ್ಯಾಗ್ನಮ್ ಎಂಬ ರಿವಾಲ್ವರನ್ನು ಹೊರತಂದಿತು. ಮ್ಯಾಗ್ನಮ್ ಎಂಬುದು ಮೂಲದಲ್ಲಿ ಲ್ಯಾಟಿನ್ ಶಬ್ದ. ದೊಡ್ಡ ದ್ರಾಕ್ಷಾರಸದ ಬಾಟಲಿಗೆ ಆ ಹೆಸರಿತ್ತು, ಅದೇ ದೊಡ್ಡ ತೋಟಾಗಳಿಗೂ ಬಂತು. ನಮ್ಮ ‘ಮಹತ್’ ಶಬ್ದಕ್ಕೆ ಅದು ದಾಯಾದಿ. ಅಲ್ಲಿನ ಐಡಹೊ ರಾಜ್ಯದಲ್ಲಿ ದನ ಸಾಕಿಕೊಂಡಿದ್ದ ಎಲ್ಮರ್ ಕೀತ್ ಎಂಬ ಬೇಟೆಗಾರನಿಗೆ ಈ ಮಹತ್ತೂ ಸಾಲಲಿಲ್ಲ. ಆತ ವರ್ಷಗಟ್ಟಲೆ ತನ್ನ ಕೈಯಾರೆ .44 ಅಳತೆಯ ತೋಟಾಗಳಿಗೆ ಹೆಚ್ಚು ಹೆಚ್ಚು ಮದ್ದು ತುಂಬಿ ಪರೀಕ್ಷಿಸಿ, ಪತ್ರಿಕೆಗಳಲ್ಲಿ ಬರೆದು, ತಯಾರಕರನ್ನು ಪೀಡಿಸಿದ. ಫಲವಾಗಿ 1955ರ ಕೊನೆಯಲ್ಲಿ .44 ಮ್ಯಾಗ್ನಮ್ ರೂಪುಗೊಂಡಿತು. ಅಲ್ಲಿಂದ ಮುಂದಕ್ಕೆ ರಿವಾಲ್ವರಿನ ಬೇಟೆ ಒಂದು ಪಂಥವೇ ಆಯಿತು.

ಈ ಆಯುಧದ ಲೆಕ್ಕವನ್ನು ನಮ್ಮ ಮನೆಯ ಮಕ್ಕಳೂ ಮಾಡಬಹುದು. .44 ಮ್ಯಾಗ್ನಮ್‌ನ ಸಾಮಾನ್ಯ ಗುಂಡಿನ ತೂಕ 240 ಗ್ರೈನ್, ಅಂದರೆ ಸುಮಾರು 15.5 ಗ್ರಾಂ, ಚಿನ್ನದಂಗಡಿಯ ಹಳೆಯ ಲೆಕ್ಕದಲ್ಲಿ ಒಂದೂಕಾಲು ತೊಲಕ್ಕಿಂತ ತುಸು ಹೆಚ್ಚು. ನಳಿಗೆಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ರಿವಾಲ್ವರಿನ ತೂಕ 1,350 ಗ್ರಾಂ ಎಂದಿಟ್ಟುಕೊಳ್ಳಿ. ಗುಂಡಿಗಿಂತ ಅದು 87 ಪಾಲು ಭಾರ. 1687ರಲ್ಲಿ ನ್ಯೂಟನ್ ಮಹಾಶಯನು ಪ್ರಕಟಿಸಿದ ನಿಯಮದ ಪ್ರಕಾರ, ಗುಂಡು ಮುಂದಕ್ಕೆ ಹೋದ ವೇಗದ 87ನೆಯ ಒಂದು ಪಾಲಿನಲ್ಲಿ ಆಯುಧ ಹಿಂದಕ್ಕೆ ಬರಬೇಕು. ಉರಿದ ಮದ್ದಿನ ಅನಿಲದ ತಳ್ಳಾಟವನ್ನೂ ಸೇರಿಸಿದರೆ ಅದು ಸೆಕೆಂಡಿಗೆ ಸುಮಾರು 6 ಮೀಟರ್ ಆಗುತ್ತದೆ. ಹೆಚ್ಚುಕಡಮೆ ಒಂದೂವರೆ ಸೇರಿನ ಕಬ್ಬಿಣವೊಂದು ಸೈಕಲ್ ಸವಾರನ ವೇಗದಲ್ಲಿ ಅಂಗೈಯನ್ನು ಗುದ್ದಿದಂತೆ!

ಇದೇ ಲೆಕ್ಕದಿಂದ ಇನ್ನೊಂದು ನೀತಿಯೂ ದೊರೆಯುತ್ತದೆ. ಅದೇ ತೋಟಾವನ್ನು ಅರ್ಧ ತೂಕದ ರಿವಾಲ್ವರಿನಲ್ಲಿ ಹಾರಿಸಿದರೆ, ಹಿಂದಕ್ಕೆ ಬರುವ ವೇಗ ಎರಡರಷ್ಟಾಗುತ್ತದೆ. ಕೈ ತಡೆಯಬೇಕಾದ ಶಕ್ತಿಯೂ ಎರಡರಷ್ಟಾಗುತ್ತದೆ. ಅಂಗಡಿಯಲ್ಲಿ ಹಗುರವಾದ ಆಯುಧ ಕೈಗೆ ಹಿತವೆನಿಸುವುದು ಸಹಜ. ಆದರೆ ಹೊರುವಾಗ ಭಾರವಾದದ್ದೇ ಹೊಡೆಯುವಾಗ ಹಿತ. ಜಿಂಕೆಯ ಬೇಟೆಗೆ ಪೂರ್ತಿ ಉಕ್ಕಿನ ಚೌಕಟ್ಟು, ಆರರಿಂದ ಏಳೂವರೆ ಅಂಗುಲದ ನಳಿಗೆ ಇರುವುದನ್ನೇ ಆರಿಸಬೇಕೆಂದು ಬಲ್ಲವರು ಹೇಳುವುದು ಇದರಿಂದಲೇ. ಉದ್ದದ ನಳಿಗೆ ಗುರಿಯನ್ನು ಹಿಡಿಯಲೂ ಅನುಕೂಲ.

ಇನ್ನು ಅಳತೆಯ ಆಯ್ಕೆ. .357 ಮ್ಯಾಗ್ನಮ್ ಎಲ್ಲಕ್ಕಿಂತ ಸೌಮ್ಯ. ಜಿಂಕೆಗೆ ಅದು ಕನಿಷ್ಠ ಬಲವೆಂದು ಹೇಳುತ್ತಾರೆ. ಪಳಗಿದ ಕೈಗೆ, ಹತ್ತಿರದ ಈಡಿಗೆ ಮಾತ್ರ ಅದು ಸಾಕು. 1964ರಲ್ಲಿ ಬಂದ .41 ಮ್ಯಾಗ್ನಮ್ ಮಧ್ಯಮ ಮಾರ್ಗ. .44 ಮ್ಯಾಗ್ನಮ್ ಜಿಂಕೆಗೆ ಧಾರಾಳವಾಗಿ ಸಾಕು. ಅದರ ಮೇಲೆ .454 ಕಸಲ್, 2003ರಲ್ಲಿ ಬಂದ .500 ಮ್ಯಾಗ್ನಮ್ ಮುಂತಾದ ಮಹಾಶೂರರಿದ್ದಾರೆ. ಈ ಕೊನೆಯದರ ರಿವಾಲ್ವರ್ ಎರಡು ಕಿಲೋಗ್ರಾಂ ತೂಗಿಯೂ ಕೈಯನ್ನು ನಡುಗಿಸುತ್ತದೆ. ಕರಡಿ ಕಾಡುಕೋಣಗಳಿಗೆ ತಕ್ಕದ್ದನ್ನು, ಹೆಚ್ಚುಕಡಮೆ ನಮ್ಮ ಚುಕ್ಕೆ ಜಿಂಕೆಯಷ್ಟಿರುವ ಪ್ರಾಣಿಗೆ ಎತ್ತುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಧಿಕ ಬಲದಿಂದ ಬರುವ ನಿಜವಾದ ಕೇಡು ಬೇರೆಯೇ ಇದೆ.

ಅದರ ಹೆಸರು ಅಳುಕು. ಒದೆತ ಕೈಗೆ ಪೂರ್ತಿಯಾಗಿ ತಿಳಿಯುವ ಮೊದಲೇ ಗುಂಡು ನಳಿಗೆಯನ್ನು ಬಿಟ್ಟಾಗಿರುತ್ತದೆ. ಗುರಿಯನ್ನು ಕೆಡಿಸುವುದು ಬಂದ ಒದೆತವಲ್ಲ, ಬರಲಿರುವ ಒದೆತ. ಚುಚ್ಚುಮದ್ದಿನ ಸೂಜಿ ತಗಲುವ ಮೊದಲೇ ಮಗು ತೋಳನ್ನು ಎಳೆದುಕೊಳ್ಳುವಂತೆ, ಒಮ್ಮೆ ಒದೆತ ತಿಂದವನ ಕೈ ಮರುಸಲ ಟ್ರಿಗರ್ ಎಳೆಯುವ ಕ್ಷಣದಲ್ಲಿ ತಾನಾಗಿ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆಯ ತುದಿ ತಗ್ಗುತ್ತದೆ. ಗುಂಡು ನೆಲಕ್ಕೋ, ಜಿಂಕೆಯ ಕಾಲಿಗೋ ಹೊಟ್ಟೆಗೋ ಹೋಗುತ್ತದೆ. ಆಮೇಲೆ ನಡೆಯುವುದು ಬೇಟೆಯಲ್ಲ. ಕಾಲು ಮುರಿದ ಪ್ರಾಣಿ ಪೊದೆಯೊಳಗೆ ನುಗ್ಗಿ, ರಾತ್ರಿಯೆಲ್ಲ ನರಳಿ, ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ಯಾವ ಮ್ಯಾಗ್ನಮ್‌ನ ಮಹತ್ತೂ ತಪ್ಪಿದ ಗುರಿಯನ್ನು ತಿದ್ದಲಾರದು.

ಈ ಅಳುಕನ್ನು ಕಂಡುಹಿಡಿಯಲು ಒಂದು ಸರಳವಾದ ಉಪಾಯವಿದೆ. ಗುರಿ ಅಭ್ಯಾಸದ ಸ್ಥಳದಲ್ಲಿ ಗೆಳೆಯನೊಬ್ಬನು ರಿವಾಲ್ವರಿನ ಆರು ಮನೆಗಳಲ್ಲಿ ಕೆಲವಕ್ಕೆ ತೋಟಾ ಹಾಕಿ, ಕೆಲವನ್ನು ಖಾಲಿ ಬಿಟ್ಟು ಕೊಡಬೇಕು. ಹಾರಿಸುವವನಿಗೆ ಯಾವುದು ಖಾಲಿಯೆಂಬುದು ತಿಳಿಯಬಾರದು. ಖಾಲಿ ಮನೆ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ತಗ್ಗಿತೆಂದರೆ ತಪ್ಪು ಆಯುಧದ್ದಲ್ಲವೆಂದು ಅವನಿಗೇ ಮನವರಿಕೆಯಾಗುತ್ತದೆ. ನಳಿಗೆ ಕದಲದಂತಾಗುವವರೆಗೂ ಈ ಅಭ್ಯಾಸ ಮುಂದುವರಿಯಬೇಕು.

ಅಳುಕನ್ನು ಕಳೆಯುವ ದಾರಿ ಪಾಠಶಾಲೆಯ ದಾರಿಯೇ, ಸುಲಭದಿಂದ ಕಠಿಣಕ್ಕೆ. .44 ಮ್ಯಾಗ್ನಮ್ ರಿವಾಲ್ವರಿನಲ್ಲಿ .44 ಸ್ಪೆಷಲ್ ಎಂಬ ಸೌಮ್ಯವಾದ ತೋಟಾವನ್ನು ಹಾರಿಸಬಹುದು; .357ರಲ್ಲಿ .38 ಸ್ಪೆಷಲ್ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಅವೇ ಸಾಕು. ಬಲವಾದ ತೋಟಾಗಳನ್ನು ದಿನಕ್ಕೆ ಹತ್ತು ಹನ್ನೆರಡಕ್ಕೆ ಮೀರದಂತೆ ಅಭ್ಯಾಸ ಮಾಡಬೇಕು. ದಣಿದ ಕೈ ಕಲಿಯುವುದಕ್ಕಿಂತ ಹೆದರುವುದೇ ಹೆಚ್ಚು. ನಳಿಗೆ ಮುಷ್ಟಿಗಿಂತ ಮೇಲಿರುವುದರಿಂದ ಆಯುಧ ಹಿಂದಕ್ಕೆ ಬರುವುದಲ್ಲದೆ ಮೇಲಕ್ಕೂ ಹೊರಳುತ್ತದೆ. ಆದುದರಿಂದ ಹಿಡಿಯನ್ನು ಸಾಧ್ಯವಾದಷ್ಟು ಮೇಲೆ, ಎರಡು ಕೈಗಳಿಂದಲೂ ಭದ್ರವಾಗಿ ಹಿಡಿಯಬೇಕು. ಮೊಳಕೈಯನ್ನು ಕೋಲಿನಂತೆ ಸೆಡೆಸದೆ ಒಂದಿಷ್ಟು ಮಡಿಸಿದ್ದರೆ ತೋಳು ಒದೆತವನ್ನು ನುಂಗಿಕೊಳ್ಳುತ್ತದೆ. ಮರದ ಸಪೂರ ಹಿಡಿಗಿಂತ ಅಂಗೈ ತುಂಬುವ ರಬ್ಬರಿನ ಹಿಡಿ ಮೇಲು. ಅದು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ನಳಿಗೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ಬಿಡುವ ರಂಧ್ರಗಳನ್ನು ಕೊರೆಸುವುದುಂಟು. ಹೊರಳುವುದು ತಗ್ಗುತ್ತದೆ, ಸದ್ದು ಹೆಚ್ಚುತ್ತದೆ. ಸದ್ದಾದರೂ ಮೊದಲೇ 160 ಡೆಸಿಬೆಲ್ ಆಸುಪಾಸಿನದು. ಕಿವಿಯೊಳಗೊಂದು ಬಿರಡೆ, ಹೊರಗೊಂದು ಮುಚ್ಚಳ, ಎರಡೂ ಇರಲೇಬೇಕು. ಅಳುಕಿನ ಅರ್ಧ ಪಾಲು ಸದ್ದಿನಿಂದಲೇ ಬರುವುದೆಂದು ಅನುಭವಿಗಳ ಮಾತು. ಮತ್ತೊಂದು ಎಚ್ಚರ: ತಿರುಗುವ ಉರುಳೆಗೂ ನಳಿಗೆಗೂ ನಡುವಣ ಸಂದಿನಿಂದ ಸುಡುವ ಅನಿಲ ಚಿಮ್ಮುತ್ತದೆ. ರೈಫಲ್ ಹಿಡಿದು ರೂಢಿಯಾದವರು ಮರೆತು ಅಲ್ಲಿ ಬೆರಳಿಟ್ಟರೆ ಬೆರಳು ಸೀಳಿಹೋಗುತ್ತದೆ.

ಎಷ್ಟು ದೂರದಿಂದ ಹೊಡೆಯಬಹುದು? ಜಿಂಕೆಯ ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶಗಳಿರುವ ಭಾಗ ಸುಮಾರು ಎಂಟು ಅಂಗುಲದ ತಟ್ಟೆಯಷ್ಟು. ಬೇಟೆಯಲ್ಲಿ ನಿಲ್ಲುವಂತೆಯೇ ನಿಂತು ಅಥವಾ ಕುಳಿತು, ಎಷ್ಟು ಗಜದಿಂದ ಅಂಥ ಕಾಗದದ ತಟ್ಟೆಗೆ ಆರಕ್ಕೆ ಆರು ಗುಂಡುಗಳೂ ತಗಲುತ್ತವೆಯೋ ಅಷ್ಟೇ ಅವನ ಬೇಟೆಯ ದೂರ. ಅದು ಐವತ್ತು ಗಜವಾಗಬಹುದು, ಇಪ್ಪತ್ತೈದೇ ಆಗಬಹುದು. ಪೆಟ್ಟಿಗೆಯ ಮೇಲೆ ತಯಾರಕರು ಏನನ್ನೇ ಅಚ್ಚು ಹಾಕಿರಲಿ, ತಟ್ಟೆ ಹೇಳಿದ್ದೇ ಪ್ರಮಾಣ. .500 ಹಿಡಿದು ಆರರಲ್ಲಿ ಮೂರು ತಪ್ಪುವವನಿಗಿಂತ .357 ಹಿಡಿದು ಇಪ್ಪತ್ತೈದು ಗಜದಲ್ಲಿ ಆರನ್ನೂ ಇಡುವವನೇ ಬಲಶಾಲಿ. ಒದೆತವನ್ನು ತಾಳಿಯೂ ಗುರಿ ಬಿಡದ ಅತ್ಯಧಿಕ ಅಳತೆ ಯಾವುದೋ ಅದೇ ಅವನ ರಿವಾಲ್ವರ್. ನೆರೆಯ ಹಿರಿಯರ ಪ್ರಶ್ನೆಗೆ ನನ್ನ ಉತ್ತರವಿಷ್ಟೆ.

ಗುರಿಯ ಪ್ರವೀಣತೆಯೊಂದೇ ಸಾಲದೆಂಬುದನ್ನು ನಮ್ಮ ಪುರಾಣಗಳು ಎಂದೋ ಹೇಳಿವೆ. ದಶರಥನ ಕೈಯಲ್ಲಿ ಅಳುಕಿರಲಿಲ್ಲ; ಅವನ ಬಾಣ ಗುರಿ ತಪ್ಪಲಿಲ್ಲ. ಸರಯೂ ತೀರದ ಕತ್ತಲಲ್ಲಿ ಆನೆ ನೀರು ಕುಡಿಯುತ್ತಿದೆಯೆಂದು ಸದ್ದಿಗೆ ಹೊಡೆದ. ಕೊಡದಲ್ಲಿ ನೀರು ತುಂಬುತ್ತಿದ್ದ ಶ್ರವಣಕುಮಾರ ಬಿದ್ದ. ಪಾಂಡುವೂ ಜಿಂಕೆಯೆಂದೇ ಹೊಡೆದ. ಅದು ಜಿಂಕೆಯ ರೂಪದಲ್ಲಿದ್ದ ಋಷಿ. ಇಂದಿನ ಬೇಟೆಯ ಪಾಠಗಳಲ್ಲಿ ಹೇಳಿಕೊಡುವ ಮೊದಲ ನಿಯಮಗಳಲ್ಲಿ ಇದೊಂದು: ಎದುರಿಗಿರುವುದು ಏನೆಂದು ಕಣ್ಣಾರೆ ಕಂಡು ನಿಶ್ಚಯಿಸಿಕೊಳ್ಳಬೇಕು, ಅದರ ಹಿಂದೆ ಏನಿದೆಯೆಂಬುದನ್ನೂ ತಿಳಿದಿರಬೇಕು. ತಪ್ಪಿಹೋದ .44 ಗುಂಡು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು. ಅಲ್ಲಿ ಯಾರ ಮನೆಯಿದೆಯೋ ಬಲ್ಲವರಾರು?

ಕೋವಿಯೊಡನೆ ತಲೆತಲಾಂತರದಿಂದ ಬಾಳಿದ ಕೊಡಗಿನವರಿಂದ ಇಲ್ಲಿ ಕಲಿಯತಕ್ಕದ್ದಿದೆ. 1861ರಲ್ಲಿಯೇ ಬ್ರಿಟಿಷರು ಕೊಡವರಿಗೆ ಆಯುಧದ ಕಾನೂನಿನಿಂದ ವಿನಾಯಿತಿ ಕೊಟ್ಟಿದ್ದರು. ಸ್ವತಂತ್ರ ಭಾರತವು 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ. ಬೇಟೆಯ ನಿಷೇಧ ಅವರಿಗೂ ಒಂದೇ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಅವರು ನಡೆಸುತ್ತಾರೆ. ಅಲ್ಲಿಯೂ ಕೋವಿ ಒದೆಯುತ್ತದೆ, ಅಲ್ಲಿಯೂ ಎದೆ ಡವಗುಟ್ಟುತ್ತದೆ, ಗೆದ್ದವನ ಬೆನ್ನು ತಟ್ಟುವವರೂ ಇದ್ದಾರೆ. ತೆಂಗಿನಕಾಯಿ ತಪ್ಪಿದರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ಜಿಂಕೆಗೆ ಗುಂಡು ಎತ್ತಬೇಕೆಂಬವರು, ಯಾವ ದೇಶದಲ್ಲಿಯೇ ಇರಲಿ, ನಗುವವರ ಮುಂದೆ ಸಾಕಷ್ಟು ಸಲ ತಪ್ಪಿ, ತಪ್ಪದಿರುವುದನ್ನು ಅಲ್ಲಿಯೇ ಕಲಿತು, ಆಮೇಲೆ ಕಾಡಿನ ಕಡೆಗೆ ಮುಖ ಮಾಡಲಿ. ಅಷ್ಟು ಹೊತ್ತಿಗೆ ತೆಂಗಿನಕಾಯಿಯೇ ಸಾಕೆನಿಸಿದರೆ ಅದೂ ಒಳ್ಳೆಯದೇ.