ಗೃಹಚಿಂತನ: ಪ್ರಯಾಣದ ಯೋಗಕ್ಷೇಮ

‘ಯೋಗಕ್ಷೇಮ’ವೆಂಬ ಮಾತನ್ನು ನಾವು ಕಾಗದದ ಮೊದಲ ಪಂಕ್ತಿಯಲ್ಲಿ ಬರೆಯುವುದುಂಟು, ಅದರ ಅರ್ಥವನ್ನು ಯೋಚಿಸುವುದು ಅಪರೂಪ. ಪೂರ್ವಿಕರು ಇದನ್ನು ಎರಡಾಗಿ ಬಿಡಿಸಿ ಹೇಳುತ್ತಿದ್ದರು. ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕೈಯಲ್ಲಿರುವ ಮೊಬೈಲಿನಲ್ಲಿಯೇ ಪ್ರಯಾಣವನ್ನು ಗೊತ್ತುಮಾಡಿ, ಟಿಕೇಟನ್ನು ಪಡೆದು, ಹಣವನ್ನೂ ಸಲ್ಲಿಸಿಬಿಡುವ ಈಗಿನ ಪದ್ಧತಿಯನ್ನು ಕಂಡಾಗಲೆಲ್ಲ ಈ ವಿಭಾಗವು ನಮಗೆ ನೆನಪಾಗುತ್ತದೆ.

ಸೌಕರ್ಯವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ದೂರದ ಯಾತ್ರೆಗೆ ಹೊರಟವರು ತುಮಕೂರಿನ ರೈಲ್ವೆ ನಿಲ್ದಾಣದಲ್ಲಿ ಬೆಳಗಿನ ಜಾವದಲ್ಲೇ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. 2002ರಲ್ಲಿ ರೈಲಿನ ಸ್ಥಳವನ್ನು ಅಂತರ್ಜಾಲದ ಮೂಲಕ ಕಾಯ್ದಿರಿಸುವ ಏರ್ಪಾಡು ಬಂದಿತು. 2006ರಲ್ಲಿ ಬೆಂಗಳೂರಿನಲ್ಲಿ ರೆಡ್‌ಬಸ್ ಸಂಸ್ಥೆಯು ಹುಟ್ಟಿ, ಬಸ್ಸಿನ ಟಿಕೇಟೂ ಅದೇ ಮಾರ್ಗವನ್ನು ಹಿಡಿಯಿತು. 2016ರಲ್ಲಿ ಯುಪಿಐ ಬಂದಮೇಲೆ ಹಣ ಸಲ್ಲಿಸುವುದು ನಿಮಿಷದ ಕೆಲಸವಾಯಿತು. 2025ರ ಜುಲೈ 1ರಂದು ರೈಲ್ವೆಯವರು ‘ರೈಲ್‌ಒನ್’ ಎಂಬ ಆ್ಯಪನ್ನು ಹೊರತಂದರು. ಕಾಯ್ದಿರಿಸಿದ ಟಿಕೇಟು, ಸಾಮಾನ್ಯ ದರ್ಜೆಯ ಟಿಕೇಟು, ಪ್ಲಾಟ್‌ಫಾರಂ ಟಿಕೇಟು, ಗಾಡಿ ಎಲ್ಲಿದೆಯೆಂಬ ವರ್ತಮಾನ, ದಾರಿಯ ಊಟ, ದೂರು ಇವೆಲ್ಲವೂ ಒಂದೇ ಬಾಗಿಲಿನೊಳಗೆ ಸೇರಿದವು. ಇಷ್ಟೂ ಯೋಗದ ಮಾತಾಯಿತು. ಇನ್ನು ಕ್ಷೇಮದ ವಿಚಾರ.

ನಮ್ಮ ಪರಿಚಿತರೊಬ್ಬರ ಮನೆಯ ಸಂಗತಿಯಿದು. ಗುಬ್ಬಿಯ ವೃದ್ಧೆಯೊಬ್ಬರು ಕುಣಿಗಲಿನಲ್ಲಿ ಬಾಣಂತಿಯಾಗಿದ್ದ ಮಗಳನ್ನು ನೋಡಹೊರಟರು. ಗುಬ್ಬಿ ತುಮಕೂರುಗಳಿರುವುದು ಬೆಂಗಳೂರು ಅರಸೀಕೆರೆ ರೈಲುಮಾರ್ಗದಲ್ಲಿ; ಕುಣಿಗಲಿರುವುದು ಬೆಂಗಳೂರು ಹಾಸನ ಮಾರ್ಗದಲ್ಲಿ. ಆದುದರಿಂದ ತುಮಕೂರಿನವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು ಎಂದು ನಿಶ್ಚಯವಾಯಿತು. ಊರಿನಲ್ಲಿಲ್ಲದ ಮಗನು ತನ್ನ ಮೊಬೈಲಿನಲ್ಲಿ ಸಾಮಾನ್ಯ ಟಿಕೇಟನ್ನು ಕೊಂಡು, ಅದರ ಚಿತ್ರವನ್ನು ತಾಯಿಯ ಮೊಬೈಲಿಗೆ ಕಳುಹಿಸಿ, “ಟಿಕೇಟು ಆಗಿದೆಯಮ್ಮ, ನಿಶ್ಚಿಂತೆಯಾಗಿ ಹೋಗಿ ಬಾ” ಎಂದನು. ಗಾಡಿಯಲ್ಲಿ ಪರೀಕ್ಷಕರು ಬಂದು, ಚಿತ್ರವು ಟಿಕೇಟಾಗಲಾರದೆಂದು ಹೇಳಿ ದಂಡ ವಿಧಿಸಿದರು. ಹಣ ಕೊಟ್ಟು ಟಿಕೇಟನ್ನು ಕೊಂಡಿದ್ದರೂ ಆ ತಾಯಿಯು ನಾಲ್ಕು ಜನರೆದುರಿಗೆ ಟಿಕೇಟಿಲ್ಲದವರಂತೆ ತಲೆ ತಗ್ಗಿಸಬೇಕಾಯಿತು.

ಪರೀಕ್ಷಕರು ನಿಯಮವನ್ನೇ ನಡೆಸಿದರು. ಕಾಗದರಹಿತವಾದ ಸಾಮಾನ್ಯ ಟಿಕೇಟನ್ನು ಯಾವ ಮೊಬೈಲಿನಲ್ಲಿ ಕೊಂಡೆವೋ ಅದೇ ಮೊಬೈಲಿನ ಆ್ಯಪಿನಲ್ಲಿ ತೆರೆದು ತೋರಿಸತಕ್ಕದ್ದು. ಅದರ ಪ್ರತಿಚಿತ್ರವು ಸಲ್ಲುವುದಿಲ್ಲ. ಕಾಯ್ದಿರಿಸಿದ ಟಿಕೇಟಿನ ಕ್ರಮವೇ ಬೇರೆ. ಅದನ್ನು ಯಾರು ಕೊಂಡರೂ, ಪ್ರಯಾಣಿಕರು ಮೊಬೈಲಿಗೆ ಬಂದ ಸಂದೇಶವನ್ನೂ ತಮ್ಮ ಗುರುತಿನ ಚೀಟಿಯ ಮೂಲಪ್ರತಿಯನ್ನೂ ತೋರಿಸಿದರೆ ಸಾಕು. ಎರಡೂ ಒಂದೇ ಆ್ಯಪಿನಲ್ಲಿ ಅಕ್ಕಪಕ್ಕದಲ್ಲಿವೆ; ಎರಡರ ಧರ್ಮ ಮಾತ್ರ ಬೇರೆ ಬೇರೆ. ಒಂದೇ ಅಂಗಡಿಯಲ್ಲಿ ದೊರೆತ ಮಾತ್ರಕ್ಕೆ ಉಪ್ಪೂ ಸಕ್ಕರೆಯೂ ಒಂದಾಗುವುದಿಲ್ಲವಷ್ಟೆ.

ತುಮಕೂರಿನಿಂದ ಕುಣಿಗಲಿನವರೆಗೆ ಆ ತಾಯಿಗೆ ಯಾವ ತೊಡಕೂ ಆಗಲಿಲ್ಲ. 2023ರ ಜೂನ್ 11ರಿಂದ ನಡೆದುಬಂದಿರುವ ಶಕ್ತಿ ಯೋಜನೆಯಂತೆ ಸರ್ಕಾರಿ ಬಸ್ಸಿನಲ್ಲಿ ಆಧಾರ್ ಚೀಟಿಯನ್ನು ತೋರಿಸಿ, ನಿರ್ವಾಹಕರಿಂದ ಶೂನ್ಯ ದರದ ಟಿಕೇಟನ್ನು ಪಡೆದು ಸುಖವಾಗಿ ಮಗಳ ಮನೆಯನ್ನು ಸೇರಿದರು. ಏಕೆ? ಅಲ್ಲಿ ಪ್ರಯಾಣದ ಸಾಧನವು ಪ್ರಯಾಣಿಕರ ಕೈಯಲ್ಲಿಯೇ ಇತ್ತು. ರೈಲಿನಲ್ಲಿ ಅದು ಮಗನ ಜೇಬಿನಲ್ಲಿತ್ತು.

ನಾವು ಹೇಳಬೇಕೆಂದಿರುವುದು ಇಷ್ಟೆ: ಮನೆಮಂದಿಯ ಪ್ರಯಾಣವೆಲ್ಲವೂ ಒಬ್ಬರ ಮೊಬೈಲಿಗೆ ಕಟ್ಟುಬಿದ್ದರೆ ಉಳಿದವರು ಸಾಮಾನಿನ ಗಂಟುಗಳಾಗುತ್ತಾರೆ. ಇನ್ನೊಂದು ಅಪಾಯವೂ ಉಂಟು. ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ 2016ರಲ್ಲಿ ‘ವ್ಹಿಮ್’ ಎಂಬ ಆ್ಯಪು ಹೊರಟಿತು. ಬಸ್ಸು, ಟ್ರಾಮು, ಟ್ಯಾಕ್ಸಿ, ಬಾಡಿಗೆಯ ಕಾರು ಎಲ್ಲಕ್ಕೂ ತಿಂಗಳ ಚಂದಾ ಒಂದೇ ಎಂಬ ಅದರ ಏರ್ಪಾಡನ್ನು ಲೋಕವೆಲ್ಲ ಕೊಂಡಾಡಿತು. 2024ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿಯು ದಿವಾಳಿಯಾಯಿತು. ಎಲ್ಲಕ್ಕೂ ಬಾಗಿಲು ಒಂದೇ ಆದಾಗ, ಅದು ಮುಚ್ಚಿದರೆ ಎಲ್ಲವೂ ಮುಚ್ಚಿದಂತೆಯೇ.

ಆದಕಾರಣ ಗೃಹಸ್ಥರು ಆ್ಯಪನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ ಕೆಲವು ಅಭ್ಯಾಸಗಳನ್ನು ಇಟ್ಟುಕೊಳ್ಳುವುದು ಮೇಲು. ತಂದೆತಾಯಿಗಳ ಮೊಬೈಲಿನಲ್ಲಿ ಅವರದೇ ಹೆಸರಿನ ಖಾತೆಯನ್ನು ತೆರೆದುಕೊಟ್ಟು, ಎರಡು ಸಲ ಪಕ್ಕದಲ್ಲಿ ಕುಳಿತು ಅವರ ಕೈಯಿಂದಲೇ ಟಿಕೇಟನ್ನು ಕೊಳ್ಳಿಸಿರಿ. ಅದಾಗದಿದ್ದರೆ ನಿಲ್ದಾಣದ ಕಿಟಕಿಯಲ್ಲಿ ಕಾಗದದ ಟಿಕೇಟನ್ನೇ ಕೊಳ್ಳಲಿ. ಅದರಲ್ಲಿ ಅವಮಾನವೇನೂ ಇಲ್ಲ. ರೈಲಿಳಿದು ಬಸ್ಸು ಹಿಡಿಯಬೇಕಾದ ಕಡೆಯಲ್ಲಿ ಒಂದು ಗಂಟೆಯ ಬಿಡುವನ್ನಿಟ್ಟುಕೊಳ್ಳಿರಿ. ರೈಲು ತಡವಾಗಿ ಬಸ್ಸು ತಪ್ಪಿದರೆ ಆ ನಷ್ಟವನ್ನು ಯಾರಿಂದಲಾದರೂ ತುಂಬಿಸಿಕೊಳ್ಳುವುದು ಸುಲಭವಲ್ಲ. ಬ್ಯಾಟರಿ ಮುಗಿದ ಮೊಬೈಲು ಟಿಕೇಟನ್ನೂ ಹಣವನ್ನೂ ಒಟ್ಟಿಗೆ ನುಂಗುವುದರಿಂದ, ಸೆರಗಿನ ತುದಿಯಲ್ಲಿ ಸ್ವಲ್ಪ ನೋಟೂ, ಚೀಟಿಯಲ್ಲಿ ಬರೆದ ಎರಡು ದೂರವಾಣಿ ಸಂಖ್ಯೆಗಳೂ ಇರಲಿ.

ಆ ಗುಬ್ಬಿಯ ತಾಯಿಯು ಹಿಂದಿರುಗುವಾಗ ತುಮಕೂರಿನ ನಿಲ್ದಾಣದ ಕಿಟಕಿಯಲ್ಲಿ ತಾವೇ ಟಿಕೇಟನ್ನು ಕೊಂಡರಂತೆ. ಮಗನು ಈಗ ಅವರಿಗೆ ಆ್ಯಪನ್ನು ಕಲಿಸುತ್ತಿದ್ದಾನೆ. ಯೋಗವು ಅವನಿಂದ ದೊರೆಯಿತು; ಕ್ಷೇಮವನ್ನು ಅವರೇ ಸಂಪಾದಿಸಿಕೊಳ್ಳುತ್ತಿದ್ದಾರೆ.